ಮೂಲ ಭಾಷೆ ತಿಳಿಯದೆ ಹೋಮರ್, ಡಾಂಟೆಯರನ್ನು ಓದುವುದು ಹೇಗೆ?

ಜಗಳೂರಿನ ಓದುಗಿ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಇಂಗ್ಲಿಷ್ ಎಂ.ಎ. ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಜಗಳೂರು ತಾಲ್ಲೂಕಿನ ನಮ್ಮೂರಿನಲ್ಲೇ ಕನ್ನಡ ಮಾಧ್ಯಮದಲ್ಲಿ ಕಲಿತವಳು; ಪದವಿಯಲ್ಲಿ ಐಚ್ಛಿಕ ಕನ್ನಡವನ್ನೂ ಐಚ್ಛಿಕ ಇಂಗ್ಲಿಷನ್ನೂ ಜೊತೆಯಾಗಿ ತೆಗೆದುಕೊಂಡಿದ್ದೆ. ಈ ಸೆಮಿಸ್ಟರಿನಲ್ಲಿ ಪ್ರಾಚೀನ ಕಾಲದಿಂದ ಪುನರುಜ್ಜೀವನ ಕಾಲದವರೆಗಿನ ವಿಶ್ವಸಾಹಿತ್ಯವನ್ನು ಕುರಿತ ಒಂದು ಪತ್ರಿಕೆ ಇದೆ. ಗಿಲ್ಗಮೆಶ್‌ನಿಂದ ಹೊರಟು ಹೋಮರ್, ಸೋಫೋಕ್ಲಿಸ್, ವರ್ಜಿಲ್, ಡಾಂಟೆಯರನ್ನು ದಾಟಿ ಸರ್ವಾಂಟಿಸ್ ಮತ್ತು ಷೇಕ್ಸ್‌ಪಿಯರ್‌ವರೆಗೆ ಹೋಗಬೇಕು. ಮುಂದಿನ ತಿಂಗಳು ನಾನೊಂದು ಸೆಮಿನಾರ್ ಪ್ರಬಂಧವನ್ನೂ ಮಂಡಿಸಬೇಕಾಗಿದೆ.

ಕಾಲಕ್ರಮದಲ್ಲೇ ಓದೋಣವೆಂದು ಹೊರಟು, ಟ್ರಾಯ್ ಯುದ್ಧವನ್ನು ಕುರಿತ ಹೋಮರನ ಇಲಿಯಡ್‌ನ ಎರಡನೆಯ ಕಾಂಡದಲ್ಲಿ ನಿಂತುಬಿಟ್ಟಿದ್ದೇನೆ. ಅಲ್ಲಿ ಗ್ರೀಕರ ಹಡಗುಗಳ ಪಟ್ಟಿ ಪುಟಗಟ್ಟಲೆ ಬರುತ್ತದೆ. ಯಾವ ಊರಿನಿಂದ ಯಾವ ನಾಯಕ ಎಷ್ಟು ಹಡಗು ತಂದ ಎಂಬುದನ್ನು ಬರೆದುಕೊಳ್ಳುತ್ತ ಮೂರು ದಿನ ಕಳೆದರೂ ಕತೆ ಮುಂದೆ ಸರಿಯಲಿಲ್ಲ. ಓದುವ ಕ್ರಮವನ್ನೇ ಬದಲಿಸಬೇಕೆ ಎಂಬುದು ನನ್ನ ಒಂದು ಪ್ರಶ್ನೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಹೆಚ್ಚು ಕಾಡುತ್ತಿದೆ. ಪದವಿಯಲ್ಲಿ ರನ್ನನ ಗದಾಯುದ್ಧವನ್ನು ಓದಿದಾಗ ಅರ್ಥ ಪೂರ್ತಿ ಬಿಡಿಸಿಕೊಳ್ಳುವ ಮೊದಲೇ ಆ ಪದ್ಯಗಳ ನಾದ ಕಿವಿಗೆ ತಾಕಿತ್ತು. ಹೋಮರನನ್ನು ನಾನು ಓದುತ್ತಿರುವುದು ಇಂಗ್ಲಿಷಿನಲ್ಲಿ, ಅದನ್ನು ಅರ್ಥಮಾಡಿಕೊಳ್ಳುತ್ತಿರುವುದು ಮನಸ್ಸಿನೊಳಗಿನ ಕನ್ನಡದಲ್ಲಿ. ಗ್ರೀಕ್, ಲ್ಯಾಟಿನ್, ಇಟಾಲಿಯನ್ ಯಾವುದೂ ತಿಳಿಯದವರು ಈ ಕಾವ್ಯಗಳ ಬಗ್ಗೆ ಬರೆಯುವುದು ಸರಿಯೇ ಎಂದು ತರಗತಿಯಲ್ಲಿ ಒಬ್ಬರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಈ ದಾರಿಯಲ್ಲಿ ಮೊದಲೇ ನಡೆದಿರುವವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ದುರ್ಗದ ಮೇಷ್ಟ್ರು ಬರೆದದ್ದು:

ತಂಗಿ, ಮೂವತ್ತು ವರ್ಷ ಪಾಠ ಹೇಳಿ ಈಗ ಚಿತ್ರದುರ್ಗದ ಮನೆಯಲ್ಲಿ ಕುಳಿತಿರುವ ನಾನು ಮೊದಲು ಹೇಳುವುದು ಇಷ್ಟು: ಆ ಹಡಗುಗಳ ಪಟ್ಟಿಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಅದು ಕಣ್ಣಿನಿಂದ ಓದುವವರಿಗಾಗಿ ಹುಟ್ಟಿದ್ದಲ್ಲ. ತಮ್ಮ ಊರಿನ ಹೆಸರು, ತಮ್ಮ ಹಿರಿಯರ ಹೆಸರು ಯಾವಾಗ ಬಂದೀತು ಎಂದು ಕಿವಿಗೊಟ್ಟು ಕುಳಿತವರ ಮುಂದೆ ಹಾಡುವುದಕ್ಕೆ ಹುಟ್ಟಿದ್ದು.

ನನ್ನ ಬಾಲ್ಯ ಚಳ್ಳಕೆರೆ ಸೀಮೆಯಲ್ಲಿ ಕಳೆಯಿತು. ಕಾಡುಗೊಲ್ಲರ ಹಟ್ಟಿಯಲ್ಲಿ ರಾತ್ರಿ ಗಣೆ ಎಂಬ ಕೊಳಲು ಊದುವುದನ್ನೂ ಅವರ ವೀರ ಜುಂಜಪ್ಪನ ಕತೆ ಹಾಡುವುದನ್ನೂ ಚಾಪೆಯ ಮೇಲೆ ಮಲಗಿ ಕೇಳಿದ್ದೇನೆ. ಒಂದೇ ಸಾಲು, ಒಂದೇ ಬಣ್ಣನೆ ಮತ್ತೆ ಮತ್ತೆ ಬರುತ್ತಿತ್ತು. ಹುಡುಗನಾಗಿದ್ದಾಗ ಹಾಡುವವರಿಗೆ ಮುಂದಿನ ಮಾತು ಮರೆತಿದೆಯೆಂದು ಭಾವಿಸಿದ್ದೆ. ಎಷ್ಟೋ ವರ್ಷಗಳ ಮೇಲೆ ಅಮೆರಿಕದ ಹೋಮರ್ ವಿದ್ವಾಂಸ ಮಿಲ್ಮನ್ ಪ್ಯಾರಿಯ ಬಗ್ಗೆ ಓದಿದಾಗ ನನ್ನ ತಪ್ಪು ತಿಳಿಯಿತು. ‘ಬಿರುಗಾಲ ಅಖಿಲೀಸ್’, ‘ಗುಲಾಬಿ ಬೆರಳಿನ ಉಷೆ’ ಮುಂತಾದ ವಿಶೇಷಣಗಳು ಹೋಮರನಲ್ಲಿ ಸಂದರ್ಭಕ್ಕೆ ಹೊಂದಿದರೂ ಹೊಂದದಿದ್ದರೂ ಏಕೆ ಮರಳಿ ಬರುತ್ತವೆ ಎಂದು ಆತ ಕೇಳಿಕೊಂಡ. ಅವು ಛಂದಸ್ಸಿನ ಅಳತೆಗೆ ತಕ್ಕಂತೆ ಸಿದ್ಧವಾಗಿರುವ ನುಡಿಗಟ್ಟುಗಳು. ಹಾಡುತ್ತ ಹಾಡುತ್ತಲೇ ಕಾವ್ಯ ಕಟ್ಟುವವನಿಗೆ ಕೈಗೆಟುಕುವಂತೆ ಪರಂಪರೆ ಇಟ್ಟುಕೊಟ್ಟಿರುವ ಸಾಮಗ್ರಿ ಎಂದು ತೋರಿಸಿಕೊಟ್ಟ. ಅದನ್ನು ಪರೀಕ್ಷಿಸಲು 1933ರಿಂದ 1935ರ ನಡುವೆ ತನ್ನ ಶಿಷ್ಯ ಆಲ್ಬರ್ಟ್ ಲಾರ್ಡ್ ಜೊತೆ ಯುಗೊಸ್ಲಾವಿಯಾದ ಹಳ್ಳಿಗಳಿಗೆ ಹೋಗಿ, ಅಲ್ಲಿ ಇನ್ನೂ ಬದುಕಿದ್ದ ಹಾಡುಗಾರರ ಧ್ವನಿಯನ್ನು ಮುದ್ರಿಸಿಕೊಂಡ. ಅವರಲ್ಲಿ ಅವ್ದೊ ಮೆಜೆದೊವಿಚ್ ಎಂಬುವರು ಓದುಬರಹ ಕಲಿತವರಲ್ಲ. ಅವರು 12,000 ಸಾಲುಗಳನ್ನು ಮೀರುವ ಒಂದೇ ಕಾವ್ಯವನ್ನು ಹೇಳಿ ಬರೆಸಿದರು. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯ ಗಾತ್ರವೂ ಸುಮಾರಾಗಿ ಅಷ್ಟೇ. ನಮ್ಮ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿಯವರನ್ನು ಬಲ್ಲ ಈ ಜಿಲ್ಲೆಯ ಜನರಿಗೆ ಇದನ್ನು ನಂಬುವುದು ಕಷ್ಟವಾಗಲಾರದು. ಹೋಮರನನ್ನು ಓದುವುದಕ್ಕೆ ನಿಮಗೆ ಅರ್ಹತೆಯಿಲ್ಲವೆಂದು ನೀವು ಅಂಜುತ್ತಿದ್ದೀರಿ. ಅಂತಹ ಹಾಡು ಹೇಗೆ ಹುಟ್ಟುತ್ತದೆಂಬ ಅರಿವು ನಿಮ್ಮ ಸೀಮೆಯ ನೆಲದಲ್ಲೇ ಇದೆ.

ಓದುವ ಕ್ರಮದ ಬಗ್ಗೆ ನನ್ನ ಸಲಹೆ ಎಂದರೆ, ಇಲಿಯಡ್‌ನ 24ನೆಯ ಕಾಂಡವನ್ನು ಮೊದಲು ಓದಿರಿ, ಅದೂ ಗಟ್ಟಿಯಾಗಿ ಓದಿರಿ. ಮಗ ಹೆಕ್ಟರನ ಶವವನ್ನು ಬೇಡಲು ಟ್ರಾಯ್‌ನ ಮುದಿ ಅರಸ ಪ್ರಿಯಾಮ್ ರಾತ್ರಿಯ ಹೊತ್ತಿನಲ್ಲಿ ಶತ್ರುವಿನ ಬಿಡಾರಕ್ಕೆ ಬರುತ್ತಾನೆ. ತನ್ನ ಮಕ್ಕಳನ್ನು ಕೊಂದ ಅಖಿಲೀಸನ ಕೈಗೆ ಮುತ್ತಿಡುತ್ತಾನೆ. ನಿನ್ನ ತಂದೆಯನ್ನು ನೆನೆದುಕೋ ಎನ್ನುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಹೆಕ್ಟರನಿಗಾಗಿ, ಇನ್ನೊಬ್ಬ ತನ್ನ ತಂದೆಗಾಗಿ ಮತ್ತು ಗೆಳೆಯ ಪೆಟ್ರೋಕ್ಲಸ್‌ಗಾಗಿ. ಆಮೇಲೆ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಆ ಊಟ ನಡೆಯುವ ಮೊದಲು ಅಖಿಲೀಸ್, ಹನ್ನೆರಡು ಮಕ್ಕಳನ್ನು ಕಳೆದುಕೊಂಡ ನಿಯೋಬೆಯೂ ಕೊನೆಗೆ ಅನ್ನದ ನೆನಪು ಮಾಡಿಕೊಂಡಳೆಂದು ಮುದುಕನಿಗೆ ಹೇಳುತ್ತಾನೆ. ಸಾವಿನ ಮನೆಯಲ್ಲಿ ಒಂದು ತುತ್ತು ಉಣ್ಣಿರಿ ಎಂದು ನೆರೆಯವರು ಒತ್ತಾಯಿಸುವುದನ್ನು ಕಂಡ ಯಾರಿಗೂ ಆ ಮಾತಿಗೆ ಟಿಪ್ಪಣಿ ಬೇಕಾಗುವುದಿಲ್ಲ.

ಅದಾದ ಮೇಲೆ 1, 6, 9, 16, 18, 22ನೆಯ ಕಾಂಡಗಳನ್ನು ಓದಿ, ಉಳಿದವುಗಳಿಗೆ ಹಿಂದಿರುಗಿ. ಮರದ ಕುದುರೆಯಾಗಲಿ ಅಖಿಲೀಸನ ಸಾವಾಗಲಿ ಇಲಿಯಡ್‌ನಲ್ಲಿ ಇಲ್ಲ ಎಂಬುದನ್ನು ಗಮನಿಸಿರಿ. ಹತ್ತು ವರ್ಷದ ಯುದ್ಧದಲ್ಲಿ ಕವಿ ಕೊನೆಯ ವರ್ಷದ ಕೆಲವೇ ವಾರಗಳನ್ನು ಆರಿಸಿಕೊಂಡಿದ್ದಾನೆ. ರನ್ನನೂ ಭಾರತದ ಕೊನೆಯ ಗದಾಯುದ್ಧವನ್ನಷ್ಟೇ ಹಿಡಿದು ಸಿಂಹಾವಲೋಕನ ಕ್ರಮದಿಂದ, ಅಂದರೆ ಹಿಂದಿರುಗಿ ನೋಡುತ್ತ, ಇಡೀ ಭಾರತವನ್ನು ಒಳಗೊಂಡವನಲ್ಲವೇ? ಅವನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಕೈಮುಗಿಯುವ ಸನ್ನಿವೇಶವನ್ನು 24ನೆಯ ಕಾಂಡದ ಪಕ್ಕದಲ್ಲಿಟ್ಟು ನೋಡಿರಿ. ನಿಮ್ಮ ಸೆಮಿನಾರಿಗೆ ವಿಷಯ ಅಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಹರಿಹರದ ಹೊಳೆದಂಡೆ ಬರೆದದ್ದು:

ಮೇಷ್ಟ್ರು ಇಲಿಯಡ್ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಇಡೀ ಪತ್ರಿಕೆಯನ್ನು ಹೀಗೆ ಮನಸ್ಸಿಗೆ ಬಂದ ಕಡೆಯಿಂದ ಓದಿದರೆ ತೊಂದರೆಯಾಗುತ್ತದೆ. ಪುನರುಜ್ಜೀವನ ಎಂಬ ಹೆಸರೇ ಹಿಂದೆ ಇದ್ದು ಮರೆಯಾದದ್ದು ಮರಳಿ ಬಂದಿತು ಎಂಬ ಅರ್ಥವನ್ನು ಹೊತ್ತಿದೆ; ಯಾವುದು ಮರೆಯಾಗಿತ್ತು, ಯಾರಿಗೆ ಮರೆಯಾಗಿತ್ತು ಎಂಬುದನ್ನು ತಿಳಿಯದೆ 14ನೆಯ ಶತಮಾನದ ಇಟಲಿಯ ಕವಿ ಪೆಟ್ರಾರ್ಕನ ಉತ್ಸಾಹ ಅರ್ಥವಾಗುವುದಿಲ್ಲ. ಆದ್ದರಿಂದ ಹೋಮರ್, ವರ್ಜಿಲ್, ಡಾಂಟೆ, ಪೆಟ್ರಾರ್ಕ್ ಈ ನಾಲ್ವರನ್ನಾದರೂ ಕಾಲಕ್ರಮದಲ್ಲೇ ಓದಬೇಕೆಂಬುದು ನನ್ನ ಅಭಿಪ್ರಾಯ. ಹೀಗೆ ಓದಿದಾಗ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ದೊರೆಯುತ್ತದೆ.

ಡಾಂಟೆಯ ಮಹಾಕಾವ್ಯ ‘ಡಿವೈನ್ ಕಾಮಿಡಿ’ಯಲ್ಲಿ 100 ಸರ್ಗಗಳಿವೆ. ಅದರ ಮೊದಲ ಭಾಗವಾದ ನರಕದ ನಾಲ್ಕನೆಯ ಸರ್ಗದಲ್ಲಿ ಅವನು ಹೋಮರನನ್ನು ಕೈಯಲ್ಲಿ ಖಡ್ಗ ಹಿಡಿದು ಕವಿಗಳೆಲ್ಲರ ಮುಂದೆ ನಡೆದು ಬರುವ ಸಾರ್ವಭೌಮನಾಗಿ ಚಿತ್ರಿಸುತ್ತಾನೆ. ಹೋಮರ್, ಹೊರೇಸ್, ಓವಿಡ್, ಲೂಕನ್ ಮತ್ತು ವರ್ಜಿಲ್ ಇರುವ ಆ ಗುಂಪಿನಲ್ಲಿ ತನ್ನನ್ನು ಆರನೆಯವನೆಂದು ಎಣಿಸಿಕೊಳ್ಳುತ್ತಾನೆ. ಆದರೆ ಡಾಂಟೆಗೆ ಗ್ರೀಕ್ ತಿಳಿದಿರಲಿಲ್ಲ; ಹೋಮರನ ಕಾವ್ಯವನ್ನು ಅವನು ಓದಿರಲಿಲ್ಲ. ಲ್ಯಾಟಿನ್ ಲೇಖಕರು ಹೇಳಿದ್ದಷ್ಟೇ ಅವನಿಗೆ ಗೊತ್ತಿತ್ತು. 26ನೆಯ ಸರ್ಗದಲ್ಲಿ ಯೂಲಿಸಿಸ್, ಅಂದರೆ ಒಡಿಸ್ಸಿಯ ನಾಯಕ ಒಡಿಸ್ಯೂಸ್, ತನ್ನ ಮುದಿ ಸಂಗಡಿಗರನ್ನು ಹುರಿದುಂಬಿಸಿ ಮನುಷ್ಯರಿಗೆ ವಿಧಿಸಿದ ಎಲ್ಲೆಯನ್ನು ದಾಟಿ ಪಡುವಣ ಕಡಲಿಗೆ ಹಡಗು ನಡೆಸಿ ಮುಳುಗಿಹೋಗುವ ಕತೆ ಬರುತ್ತದೆ. ಒಡಿಸ್ಸಿಯಲ್ಲಿ ಆತ ಮನೆಗೆ ಮರಳುತ್ತಾನೆ. ಡಾಂಟೆ ಒಡಿಸ್ಸಿಯನ್ನು ಓದಿದ್ದರೆ ಆ ಸರ್ಗವನ್ನು ಹಾಗೆ ಬರೆಯುತ್ತಿದ್ದನೇ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಮೂಲ ದೊರೆಯದ ಕೊರತೆಯೊಳಗಿನಿಂದಲೇ ಯುರೋಪಿನ ಅತ್ಯುತ್ತಮ ಕಾವ್ಯಭಾಗಗಳಲ್ಲೊಂದು ಹುಟ್ಟಿದೆ.

ಪೆಟ್ರಾರ್ಕನ ವಿಚಾರ ಇದಕ್ಕಿಂತಲೂ ಮನ ಕಲಕುವಂಥದು. ಅವನಿಗೆ ಕಾನ್‌ಸ್ಟಾಂಟಿನೋಪಲ್ ಕಡೆಯ ಸ್ನೇಹಿತನೊಬ್ಬನಿಂದ ಹೋಮರನ ಗ್ರೀಕ್ ಹಸ್ತಪ್ರತಿ ಬಂದಿತು. ಗ್ರೀಕ್ ಓದಲು ಬಾರದ ಅವನು 1354ರಲ್ಲಿ ಆ ಸ್ನೇಹಿತನಿಗೆ ಕೃತಜ್ಞತೆಯ ಪತ್ರ ಬರೆಯುತ್ತ, ತನ್ನ ಪಾಲಿಗೆ ಹೋಮರ್ ಮೂಕನಾಗಿದ್ದಾನೆ, ಅಥವಾ ಹೋಮರನ ಪಾಲಿಗೆ ತಾನು ಕಿವುಡನಾಗಿದ್ದೇನೆ ಎಂದು ಹೇಳಿಕೊಂಡಿದ್ದಾನೆ; ಆ ಪುಸ್ತಕವನ್ನು ಅಪ್ಪಿಕೊಂಡು ನಿಟ್ಟುಸಿರು ಬಿಡುತ್ತೇನೆ ಎಂದಿದ್ದಾನೆ. ಅನಂತರ ಪೆಟ್ರಾರ್ಕನ ಗೆಳೆಯ, ಲೇಖಕ ಬೊಕಾಚಿಯೊ, ಲಿಯೊಂಜಿಯೊ ಪಿಲಾಟೊ ಎಂಬ ಗ್ರೀಕ್ ಬಲ್ಲವನನ್ನು ಫ್ಲಾರೆನ್ಸಿನ ತನ್ನ ಮನೆಯಲ್ಲೇ ಇಟ್ಟುಕೊಂಡು, ಹೋಮರನನ್ನು ಲ್ಯಾಟಿನ್ ಗದ್ಯಕ್ಕೆ ಮಾಡಿಸಿದ. ಆ ಅನುವಾದ ಒರಟಾಗಿತ್ತು. ಆದರೂ ಪಶ್ಚಿಮ ಯುರೋಪು ಹೋಮರನನ್ನು ಮತ್ತೆ ಕಂಡದ್ದು ಆ ಒರಟು ಗದ್ಯದ ಮೂಲಕ. ಷೇಕ್ಸ್‌ಪಿಯರ್ ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕನನ್ನು ಓದಿದ್ದು ಥಾಮಸ್ ನಾರ್ತ್ 1579ರಲ್ಲಿ ಪ್ರಕಟಿಸಿದ ಇಂಗ್ಲಿಷಿನಲ್ಲಿ. ನಾರ್ತ್ ಅನುವಾದಿಸಿದ್ದು ಗ್ರೀಕಿನಿಂದ ಅಲ್ಲ, ಆಮ್ಯೊ ಮಾಡಿದ್ದ ಫ್ರೆಂಚ್ ಅನುವಾದದಿಂದ. ಜೂಲಿಯಸ್ ಸೀಸರ್ ನಾಟಕದ ಹಿಂದೆ ಇರುವುದು ಮೂರನೆಯ ಕೈಯ ಪ್ಲೂಟಾರ್ಕ್. ನಿಮ್ಮನ್ನು ತರಗತಿಯಲ್ಲಿ ಪ್ರಶ್ನಿಸಿದವರಿಗೆ ಈ ಸಂಗತಿಗಳನ್ನು ವಿನಯದಿಂದಲೇ ತಿಳಿಸಿರಿ.

ಅನುವಾದದಲ್ಲಿ ಏನೂ ಕಳೆದುಹೋಗುವುದಿಲ್ಲ ಎಂದು ಮಾತ್ರ ಬರೆಯಬೇಡಿ, ನಾದ ಕಳೆದುಹೋಗುತ್ತದೆ. ಅದಕ್ಕಾಗಿ ಒಂದೇ ಭಾಗದ ಎರಡು ಇಂಗ್ಲಿಷ್ ಅನುವಾದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು ಒಳ್ಳೆಯದು. ಇಲಿಯಡ್‌ಗೆ 1951ರ ಲ್ಯಾಟಿಮೋರ್ ಅನುವಾದ ಗ್ರೀಕ್ ಸಾಲಿಗೆ ಹತ್ತಿರ ನಡೆಯುತ್ತದೆ, 2023ರ ಎಮಿಲಿ ವಿಲ್ಸನ್ ಅನುವಾದ ಸಲೀಸಾಗಿ ಓದಿಸಿಕೊಳ್ಳುತ್ತದೆ. ಎರಡೂ ಬೇರೆಯಾಗುವ ಜಾಗದಲ್ಲಿ ಮೂಲದಲ್ಲಿ ಏನೋ ಗಟ್ಟಿಯಾದದ್ದಿದೆ ಎಂದು ತಿಳಿಯಿರಿ.

ಹೊಸದುರ್ಗದಿಂದ ಒಬ್ಬ ರಂಗಾಸಕ್ತ:

ಗ್ರೀಕ್ ನಾಟಕಗಳ ಬಗ್ಗೆ ಯಾರೂ ಹೇಳದ ಕಾರಣ ಎರಡು ಮಾತು ಸೇರಿಸುತ್ತೇನೆ. ಅವನ್ನು ಕುಳಿತು ಓದಿ ಮುಗಿಸಬೇಡಿ. ಗೆಳತಿಯರು ನಾಲ್ಕು ಮಂದಿ ಪಾತ್ರ ಹಂಚಿಕೊಂಡು ಓದಿರಿ. ಮೇಳಗೀತದ ಸಾಲುಗಳನ್ನು ಎಲ್ಲರೂ ಒಟ್ಟಿಗೆ ನುಡಿದಾಗ, ಪಾತ್ರದ ಮಾತಿಗೂ ಮೇಳದ ಮಾತಿಗೂ ಇರುವ ಅಂತರ ನಮ್ಮ ಕಡೆಯ ಬಯಲಾಟ ನೋಡಿದವರಿಗೆ ತಾನಾಗಿ ತಿಳಿಯುತ್ತದೆ. ಸಾಣೇಹಳ್ಳಿಯ ಬಯಲು ರಂಗಮಂದಿರದ ಮೇಲಿನ ಮೆಟ್ಟಿಲಲ್ಲಿ ಒಮ್ಮೆ ಕುಳಿತು ಬಂದರೆ, ತೆರೆದ ಆಕಾಶದ ಕೆಳಗೆ ಸಾವಿರಾರು ಜನರಿಗೆ ಕಾಣಬೇಕಾದ ನಟ ಮುಖವಾಡ ಏಕೆ ತೊಟ್ಟ ಎಂಬುದನ್ನು ಪುಸ್ತಕ ಹೇಳಿಕೊಡಬೇಕಾಗಿಲ್ಲ.

ಕನ್ನಡದ ದಾರಿಯೂ ಇದೆ. ಬಿ.ಎಂ.ಶ್ರೀ ಅವರು ಸೋಫೋಕ್ಲಿಸನ ಏಜಾಕ್ಸ್ ನಾಟಕವನ್ನು ನಮ್ಮ ಭಾರತದ ಕತೆಯ ಮೇಲೆ ಕೂರಿಸಿ ‘ಅಶ್ವತ್ಥಾಮನ್’ ಬರೆದರು. ಈಸ್ಕಿಲಸನ ನಾಟಕವೊಂದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಈ ಎರಡನೆಯದನ್ನು ಖಂಡಿತ ಓದಿರಿ. ಮ್ಯಾರಥಾನ್ ರಣರಂಗದಲ್ಲಿ ತಾನೇ ಪರ್ಷಿಯನ್ನರ ವಿರುದ್ಧ ಕಾದಿದ ಕವಿ, ಸಲಾಮಿಸ್ ಕದನ ಮುಗಿದು ಎಂಟೇ ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಸೋತ ಪರ್ಷಿಯನ್ನರ ಅರಮನೆಯ ಗೋಳನ್ನು ಅಥೆನ್ಸಿನ ಜನರ ಮುಂದೆ ಆಡಿಸಿದ. ಲಂಕೇಶರು ಅನುವಾದಿಸಿದ ಈಡಿಪಸ್ ಕೂಡ ಆಡುಮಾತಿಗೆ ಹತ್ತಿರವಾಗಿದೆ.

ಮೊಳಕಾಲ್ಮುರಿನ ಇತಿಹಾಸದ ವಿದ್ಯಾರ್ಥಿ ಬರೆದದ್ದು:

ಇಲ್ಲಿಯವರೆಗಿನ ಉತ್ತರಗಳಲ್ಲಿ ‘ವಿಶ್ವ’ ಎಂಬ ಮಾತು ಗ್ರೀಸ್ ಮತ್ತು ಇಟಲಿಯಲ್ಲೇ ಮುಗಿದಂತೆ ಕಾಣುತ್ತದೆ. ಪಠ್ಯಪಟ್ಟಿ ಹಾಗಿದ್ದರೆ ಅದು ಬೇರೆ ವಿಷಯ. ಓದುವವರ ಮನಸ್ಸು ಹಾಗಿರಬೇಕಾಗಿಲ್ಲ. ಜಪಾನಿನಲ್ಲಿ ಮುರಸಾಕಿ ಶಿಕಿಬು ಎಂಬ ಅರಮನೆಯ ಹೆಂಗಸು 54 ಅಧ್ಯಾಯಗಳ ಗೆಂಜಿಯ ಕತೆಯನ್ನು ಬರೆದದ್ದೂ, ಪರ್ಷಿಯಾದಲ್ಲಿ ಫಿರ್ದೌಸಿ ಶಾಹನಾಮೆಯನ್ನು ಮುಗಿಸಿದ್ದೂ 11ನೆಯ ಶತಮಾನದ ಆರಂಭದಲ್ಲಿ, ಅಂದರೆ ಡಾಂಟೆ ಹುಟ್ಟುವುದಕ್ಕೆ ಎರಡೂವರೆ ಶತಮಾನ ಮೊದಲು.

ಅದೇ ಶತಮಾನದಲ್ಲಿ ಕನ್ನಡದಲ್ಲಿ ಏನು ನಡೆಯುತ್ತಿತ್ತೆಂದು ನೋಡಿರಿ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹ 1031ರ ಸುಮಾರಿಗೆ ಪಂಚತಂತ್ರವನ್ನು ಚಂಪುವಾಗಿ ಬರೆದ. ತಾನು ಅನುಸರಿಸಿದ್ದು ವಸುಭಾಗಭಟ್ಟನ ಪಾಠವನ್ನು ಎಂದು ಹೇಳಿಕೊಂಡ. ಇದೇ ಕತೆಗಳ ಗಂಟು ಇನ್ನೊಂದು ದಿಕ್ಕಿಗೂ ಹೊರಟಿತ್ತು. 6ನೆಯ ಶತಮಾನದಲ್ಲಿ ಬುರ್ಜೋಯ್ ಎಂಬ ವೈದ್ಯ ಅದನ್ನು ಪರ್ಷಿಯಾದ ಹಳೆಯ ಭಾಷೆಯಾದ ಪಹ್ಲವಿಗೆ ತಂದ. 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅದನ್ನು ಅರಬ್ಬಿಗೆ ತಿರುಗಿಸಿದಾಗ, ನಮ್ಮ ಕರಟಕ ದಮನಕ ಎಂಬ ನರಿಗಳು ಕಲೀಲ ಮತ್ತು ದಿಮ್ನ ಎಂಬ ಹೆಸರು ಪಡೆದವು. ಅರಬ್ಬಿಯಿಂದ ಹೀಬ್ರೂ, ಹೀಬ್ರೂವಿನಿಂದ 13ನೆಯ ಶತಮಾನದಲ್ಲಿ ಲ್ಯಾಟಿನ್, ಅಲ್ಲಿಂದ ಮುಂದೆ ಸಾಗಿ ಇಟಾಲಿಯನ್. ಆ ಇಟಾಲಿಯನ್ನಿನಿಂದ 1570ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಯಾರು ಬಲ್ಲಿರಾ? ಹರಿಹರದವರು ಮೇಲೆ ಹೆಸರಿಸಿದ ಅದೇ ಥಾಮಸ್ ನಾರ್ತ್. ಷೇಕ್ಸ್‌ಪಿಯರನಿಗೆ ಪ್ಲೂಟಾರ್ಕನನ್ನು ಒದಗಿಸಿದ ಕೈಯೇ ಇಂಗ್ಲೆಂಡಿಗೆ ನಮ್ಮ ನರಿಗಳನ್ನೂ ಕರೆತಂದಿದೆ. ದುರ್ಗಸಿಂಹನನ್ನು ಕನ್ನಡದಲ್ಲಿ ಓದಬಲ್ಲ ನಿಮಗೆ ಈ ಹಾದಿಯ ಒಂದು ತುದಿ ಮೂಲದಲ್ಲೇ ಕೈಗೆ ಸಿಗುತ್ತದೆ.

ನಮ್ಮ ತಾಲ್ಲೂಕಿನ ಬಗ್ಗೆಯೂ ಹೇಳಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಕಸುಬಿನ ಹೆಸರನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ, ಅಂದರೆ ವಾಯವ್ಯ ಗಡಿಯ ಲಿಪಿಯಲ್ಲಿ. ಅದೇ ಅಶೋಕನ ಮಾತು ಕಂದಹಾರದ ಬಂಡೆಯ ಮೇಲೆ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿದೆ. ಒಬ್ಬ ಅರಸನ ಮಾತು ಒಂದು ಕಡೆ ಹೋಮರನ ಭಾಷೆಯಲ್ಲಿ, ಇನ್ನೊಂದು ಕಡೆ ನಮ್ಮ ಮೊಳಕಾಲ್ಮುರಿನ ಬಂಡೆಯ ಮೇಲೆ ಇದ್ದ ಕಾಲವದು. ನಾನು ಪ್ರತಿ ಸಲ ಅಲ್ಲಿಗೆ ಹೋದಾಗಲೂ ಆ ಐದು ಖರೋಷ್ಠಿ ಅಕ್ಷರಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಎಂದು ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದ ಹಿರಿಯರು ವಾದಿಸಿದ್ದಾರೆ. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಪ್ರಬಂಧದಲ್ಲಿ ಅದನ್ನು ವಾದವೆಂದೇ ಉಲ್ಲೇಖಿಸಿರಿ, ನಿಶ್ಚಯವೆಂದು ಬರೆಯಬೇಡಿ.

ಜಗಳೂರಿನ ಓದುಗಿ ಮತ್ತೆ ಬರೆದದ್ದು:

ಎಲ್ಲರಿಗೂ ತುಂಬು ಕೃತಜ್ಞತೆಗಳು. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಓದಿದ ಮೇಲೆಯೇ ಬರೆಯೋಣವೆಂದುಕೊಂಡೆ. 24ನೆಯ ಕಾಂಡವನ್ನು ಹಾಸ್ಟೆಲಿನ ಮಹಡಿಯ ಮೇಲೆ ಗಟ್ಟಿಯಾಗಿ ಎರಡು ಸಲ ಓದಿದೆ; ಎರಡನೆಯ ಸಲ ಇಬ್ಬರು ಗೆಳತಿಯರು ಬಂದು ಕುಳಿತು ಕೇಳಿದರು. ಪ್ರಿಯಾಮನನ್ನೂ ರನ್ನನ ದುರ್ಯೋಧನನನ್ನೂ ಜೊತೆಗಿಟ್ಟು, ಶತ್ರುವಿನ ದುಃಖದ ಎದುರು ನಿಲ್ಲುವ ವೀರರನ್ನು ಕುರಿತು ಸೆಮಿನಾರ್ ಮಾಡಲು ನಿರ್ಧರಿಸಿದ್ದೇನೆ. ಮಾರ್ಗದರ್ಶಕರು ಒಪ್ಪಿದ್ದಾರೆ. ಕ್ರಮದ ವಿಷಯದಲ್ಲಿ ಹರಿಹರದವರ ಮಾತಿನಂತೆ ಮುಂದೆ ವರ್ಜಿಲ್ ಮತ್ತು ಡಾಂಟೆಯರನ್ನು ಸಾಲಾಗಿ ಓದುತ್ತೇನೆ.

ಪ್ರಬಂಧಕ್ಕಾಗಿ ಪ್ರಿಯಾಮನ ಮೊದಲ ಮಾತನ್ನು ನಾನೇ ಕನ್ನಡಕ್ಕೆ ಮಾಡಲು ಕುಳಿತಾಗ ಒಂದು ತೊಡಕು ಎದುರಾಯಿತು. ಇಂಗ್ಲಿಷಿನಲ್ಲಿ ಇರುವುದು ಒಂದೇ ಮಾತು. ಕನ್ನಡದಲ್ಲಿ ಆ ಮುದುಕ ಅಖಿಲೀಸನನ್ನು ‘ನೀನು’ ಎನ್ನಬೇಕೆ, ‘ನೀವು’ ಎನ್ನಬೇಕೆ? ವಯಸ್ಸಿನಲ್ಲಿ ತಂದೆಯಂಥವನು, ಅರಸನೂ ಹೌದು. ಆದರೆ ಮೊಣಕಾಲು ಹಿಡಿದು ಬೇಡುತ್ತಿರುವವನು. ಎರಡನ್ನೂ ಬರೆದು ನೋಡಿದೆ. ‘ನೀವು’ ಎಂದಾಗ ಅವನು ಬೇಡುವವನು ಮಾತ್ರ ಆಗುತ್ತಾನೆ, ‘ನೀನು’ ಎಂದಾಗ ಶತ್ರುವಿನ ಮನೆಯಲ್ಲಿ ಇರುವುದು ಮರೆತಂತಾಗುತ್ತದೆ.

ದುರ್ಗದ ಮೇಷ್ಟ್ರು:

ತಂಗಿ, ಗ್ರೀಕಿನಲ್ಲಿ ಒಬ್ಬನೇ ವ್ಯಕ್ತಿಗೆ ಗೌರವದ ಬಹುವಚನ ಬಳಸುವ ರೂಢಿ ಹೋಮರನಲ್ಲಿಲ್ಲ. ದೇವರಿಗೂ ಅರಸನಿಗೂ ಏಕವಚನವೇ. ಆದರೆ ಅದರಿಂದ ನಿಮ್ಮ ತೊಡಕು ತೀರುವುದಿಲ್ಲ, ಏಕೆಂದರೆ ಕನ್ನಡದ ಕಿವಿ ಆ ಎರಡನ್ನೂ ಬೇರೆ ಬೇರೆಯಾಗಿಯೇ ಕೇಳುತ್ತದೆ. ಪ್ರಿಯಾಮ್ ಮೊದಲಿಗೇ ನೆನಪಿಸುವುದು ಅಖಿಲೀಸನ ತಂದೆಯನ್ನು, ತನ್ನಷ್ಟೇ ವಯಸ್ಸಾಗಿ ಊರಿನಲ್ಲಿ ಒಬ್ಬನೇ ಕಾಯುತ್ತಿರುವ ಆ ಮುದುಕನನ್ನು. ಮಗನ ವಯಸ್ಸಿನವನಿಗೆ ತಂದೆಯೊಬ್ಬ ಆಡುವ ಮಾತದು. ಆದ್ದರಿಂದ ನಾನಾದರೆ ‘ನೀನು’ ಎಂದೇ ಬರೆಯುತ್ತಿದ್ದೆ, ಬೇಡುವವನ ದೈನ್ಯವನ್ನು ಕ್ರಿಯಾಪದದಲ್ಲಿ ತರಲು ನೋಡುತ್ತಿದ್ದೆ. ನಿಮ್ಮ ಎರಡು ಕರಡುಗಳನ್ನೂ ಇಲ್ಲಿ ಹಾಕಿರಿ. ಗಟ್ಟಿಯಾಗಿ ಓದಿ ನೋಡಿ ಬರೆಯುತ್ತೇನೆ.